ಯಂತ್ರಯುಗಕ್ಕೆ ಹನುಮನಾಯಕನ ಪ್ರಶ್ನೆ

ಪಟ್ಟಣಗಳಲ್ಲಿ ಹೊಸ ಯಂತ್ರವೊಂದರ ವಾರ್ತೆ ಪ್ರಕಟವಾದೊಡನೆ ಅದನ್ನು ಕುರಿತು ಗಂಭೀರವಾಗಿ ಚಿಂತಿಸುವವರೂ, ಅದಕ್ಕೆ ಹೆದರುವವರೂ, ಅದರ ಮೇಲೆ ಹಣ ಹೂಡುವವರೂ ಹುಟ್ಟಿಕೊಳ್ಳುವರಾದರೆ, ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ತಪ್ಪಲಿನ ಹಳ್ಳಿಗಳಲ್ಲಿ ಅದೇ ವಾರ್ತೆಗೆ ಮೊದಲು ದೊರೆಯುವ ಸತ್ಕಾರವೆಂದರೆ ಒಂದು ನಗೆಮಾತು. ಮನುಷ್ಯನಂತೆಯೇ ಯೋಚಿಸಿ ಉತ್ತರ ಹೇಳುವ ಕೃತಕ ಬುದ್ಧಿಮತ್ತೆಯೊಂದು ಬಂದಿದೆಯೆಂದು ಸಂತೆಪೇಟೆಯ ಕಡೆಯ ಟೀ ಅಂಗಡಿಯೊಂದರಲ್ಲಿ ಕಾಲೇಜಿಗೆ ಹೋಗುವ ಹುಡುಗನೊಬ್ಬ ಮೊಬೈಲನ್ನು ಕೈಯಲ್ಲಿ ಹಿಡಿದು ಸಡಗರದಿಂದ ವಿವರಿಸುತ್ತಿರಲು, ಬೆಂಚಿನ ತುದಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು, “ಅದು ಏನು ಕೇಳಿದ್ರೂ ಗೊತ್ತಿಲ್ಲ ಅನ್ನಾಕಿಲ್ವೇನ್ಲಾ?” ಎಂದು ವಿಚಾರಿಸಿದರು. “ಎಲ್ಲದ್ಕೂ ಉತ್ತರ ಕೊಡ್ತದೆ ಕಣಜ್ಜ” ಎಂದ ಹುಡುಗ. “ಅಂಗಾದ್ರೆ ಉಷಾರಾಗಿರಪ್ಪ. ಗೊತ್ತಿಲ್ಲ ಅನ್ನದೋನ ಮಾತು ಕೇಳಿ ನಮ್ಮಪ್ಪ ಎರಡೆಕರೆ ಕಳ್ಕಂಡ” ಎಂದರು ಹಿರಿಯರು.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಹುಡುಗನೂ ನಕ್ಕನು. ಆದರೆ ಆ ಯಂತ್ರದ ಸ್ವಭಾವವನ್ನು ಬಲ್ಲವರು ಇದನ್ನು ಬರಿಯ ಹಾಸ್ಯವೆಂದು ತಳ್ಳಿಹಾಕಲಾರರು. ಮನುಷ್ಯರು ಬರೆದ ಅಪಾರವಾದ ಬರಹದ ರಾಶಿಯಿಂದ ಯಾವ ಮಾತಿನ ಹಿಂದೆ ಯಾವ ಮಾತು ಬರುವ ಸಂಭವ ಹೆಚ್ಚೆಂಬುದನ್ನು ಲೆಕ್ಕಹಾಕಿ ಕಲಿತು, ಆ ಸಂಭವದ ಬಲದಿಂದಲೇ ವಾಕ್ಯವನ್ನು ಹೆಣೆಯುತ್ತ ಹೋಗುವ ಈ ತಂತ್ರಾಂಶಗಳಿಗೆ, ತಿಳಿದುದನ್ನು ಹೇಳುವಾಗ ಇರುವಷ್ಟೇ ಧೈರ್ಯವು ತಿಳಿಯದುದನ್ನು ಹೇಳುವಾಗಲೂ ಇರುತ್ತದೆಂಬುದೇ ಅವುಗಳ ಮೇಲಿರುವ ಮುಖ್ಯ ಆಕ್ಷೇಪಣೆ. ಅವುಗಳನ್ನು ನಿರ್ಮಿಸಿದ ಪಂಡಿತರೂ ಇದನ್ನು ಒಪ್ಪುತ್ತಾರೆ. ಪಂಡಿತರು ಹಲವು ಪ್ರಬಂಧಗಳಲ್ಲಿ ಹೇಳಿದುದನ್ನು ಈ ಅಜ್ಜ ಎರಡೆಕರೆ ಜಮೀನಿನ ಕಥೆಯಲ್ಲಿ ಹೇಳಿ ಮುಗಿಸಿದರು.

ಗ್ರಾಮಸ್ಥರ ಇಂತಹ ನಗೆಯನ್ನು ಅಜ್ಞಾನದ ಲಕ್ಷಣವೆಂದು ಎಣಿಸುವ ವಾಡಿಕೆ ನಮ್ಮ ವಿದ್ಯಾವಂತರಲ್ಲಿ ಬಹುಕಾಲದಿಂದ ಇದೆ. ನನಗಾದರೋ ಅದು ಒಂದು ಬಗೆಯ ಪರೀಕ್ಷೆಯೆಂದು ತೋರುತ್ತದೆ. ಬಂದ ವಾರ್ತೆಯನ್ನು ನಂಬುವುದಕ್ಕೂ ಬಿಡುವುದಕ್ಕೂ ಮೊದಲು, ಅದರ ಖರ್ಚು ಯಾರದು, ಕೆಟ್ಟರೆ ಕೇಳುವುದು ಯಾರನ್ನು, ಅದರಿಂದ ತನ್ನ ಹೊಲಕ್ಕೂ ಒಲೆಗೂ ಏನು ಬಂತು ಎಂಬ ಪ್ರಶ್ನೆಗಳನ್ನು ನಗೆಯ ವೇಷದಲ್ಲಿ ಕೇಳುವ ಪದ್ಧತಿಯದು.

ಹುತ್ರಿದುರ್ಗವು ಯಂತ್ರವಾರ್ತೆಗೆ ಅಪರಿಚಿತವಾದ ಸ್ಥಳವೇನೂ ಅಲ್ಲ. ಸಮುದ್ರಮಟ್ಟದಿಂದ ಸುಮಾರು 3,700 ಅಡಿ ಎತ್ತರದ ಈ ಹೆಬ್ಬಂಡೆಯ ಮೈಮೇಲೆ ಕೆಂಪೇಗೌಡರ ಕಾಲದ ಸುತ್ತುಗೋಡೆಗಳೂ ಬಾಗಿಲುಗಳೂ ನೆತ್ತಿಯಲ್ಲಿ ಶಂಕರೇಶ್ವರನ ಗುಡಿಯೂ ಇವೆ. ಅಭೇದ್ಯವೆಂದು ಹೆಸರಾಗಿದ್ದ ಸಾವನದುರ್ಗವನ್ನು 1791ರ ಡಿಸೆಂಬರ್ 21ರಂದು ಟೀಪು ಸುಲ್ತಾನನಿಂದ ಗೆದ್ದುಕೊಂಡ ಇಂಗ್ಲಿಷ್ ದಂಡನಾಯಕ ಕಾರ್ನ್‌ವಾಲಿಸನ ಸೈನ್ಯವು ಮೂರೇ ದಿನಗಳ ಅನಂತರ ಹುತ್ರಿದುರ್ಗವನ್ನೂ ವಶಪಡಿಸಿಕೊಂಡಿತು. ಎತ್ತುಗಳು ಕಾಡುದಾರಿಯಲ್ಲಿ ಎಳೆದು ತಂದ ಮುತ್ತಿಗೆಯ ಫಿರಂಗಿಯೇ ಆ ಕಾಲದ ಹೊಸ ಯಂತ್ರ. ಅದಕ್ಕೆ ಎದುರಾಗಿ ನಿಂತ ಟೀಪುವಿನ ಕಬ್ಬಿಣದ ಕೊಳವೆಯ ರಾಕೆಟ್ಟು ಮುಂದೆ ಇಂಗ್ಲೆಂಡಿಗೆ ಹೋಗಿ ವಿಲಿಯಂ ಕಾಂಗ್ರೀವನ ಕೈಯಲ್ಲಿ ಹೊಸ ರೂಪ ತಾಳಿತು. ಹೀಗೆ ಇಬ್ಬರ ಹೊಸ ಯಂತ್ರಗಳ ನಡುವೆ ಸಿಕ್ಕಿಕೊಂಡ ರೈತನು ಆ ದಿನ ಏನೆಂದು ನಕ್ಕನೆಂಬುದನ್ನು ಯಾವ ಇತಿಹಾಸಕಾರನೂ ಬರೆದಿಡಲಿಲ್ಲ.

ನಮ್ಮ ಹಿರಿಯರ ನೆನಪಿನಲ್ಲಿ ಉಳಿದಿರುವ ಯಂತ್ರವಾರ್ತೆಗಳಲ್ಲೆಲ್ಲ ಅಗ್ರಸ್ಥಾನ ಪಡೆದಿರುವುದು 1979ರ ಸ್ಕೈಲ್ಯಾಬ್. ಅಮೆರಿಕದವರು 1973ರಲ್ಲಿ ಆಕಾಶಕ್ಕೆ ಏರಿಸಿದ ಸುಮಾರು 77 ಟನ್ ತೂಕದ ಈ ಅಂತರಿಕ್ಷ ನಿಲ್ದಾಣವು, ಸೂರ್ಯನ ಚಟುವಟಿಕೆ ನಿರೀಕ್ಷೆಗೆ ಮೀರಿ ಹೆಚ್ಚಿ, ಅದರ ಶಾಖದಿಂದ ಭೂಮಿಯ ಮೇಲ್ವಾಯುಮಂಡಲ ಉಬ್ಬಿ, ಆ ಗಾಳಿಯ ಘರ್ಷಣೆಯಿಂದ ವೇಗ ಕುಂದಿ, ಎಣಿಸಿದುದಕ್ಕಿಂತ ಬೇಗನೆ ಕೆಳಗಿಳಿಯತೊಡಗಿತು. ಎಲ್ಲಿ ಬೀಳುವುದೆಂದು ಖಚಿತವಾಗಿ ಹೇಳಲು ಅದನ್ನು ಏರಿಸಿದವರಿಗೇ ಸಾಧ್ಯವಾಗಲಿಲ್ಲ. ಆಗ ನಮ್ಮ ಸೀಮೆಯಲ್ಲಿ ಎರಡು ಪಂಗಡಗಳಾದವೆಂದು ಹಿರಿಯರು ಹೇಳುತ್ತಾರೆ: ಹೇಗಿದ್ದರೂ ಸಾಯುವುದು ನಿಶ್ಚಯವಾದ ಮೇಲೆ ಸಾಕಿದ ಹುಂಜವನ್ನು ಯಾರಿಗೆ ಉಳಿಸುವುದೆಂದು ಸಾರು ಮಾಡಿ ಉಂಡವರದು ಒಂದು, ಸಾಲ ವಸೂಲಿಗೆ ಬಂದವರಿಗೆ “ಸ್ಕೈಲಾಬು ಬಿದ್ದೋಗ್ಲಿ ತಡೀರಿ, ಉಳುದ್ರೆ ನೋಡಾಣ” ಎಂದು ಸಬೂಬು ಹೇಳಿದವರದು ಇನ್ನೊಂದು. ಜುಲೈ 11ರಂದು ಅದು ಹಿಂದೂ ಮಹಾಸಾಗರದಲ್ಲಿಯೂ ಆಸ್ಟ್ರೇಲಿಯಾದ ಪಶ್ಚಿಮ ಭಾಗದ ಎಸ್ಪೆರೆನ್ಸ್ ಪಟ್ಟಣದ ಸುತ್ತಮುತ್ತಲೂ ಚೂರುಚೂರಾಗಿ ಬಿದ್ದಿತು. ಅಲ್ಲಿನ ಪುರಸಭೆಯವರು ತಮ್ಮ ಊರಿನಲ್ಲಿ ಕಸ ಚೆಲ್ಲಿದುದಕ್ಕಾಗಿ ಅಮೆರಿಕದ ಅಂತರಿಕ್ಷ ಸಂಸ್ಥೆಗೆ 400 ಡಾಲರ್ ದಂಡ ವಿಧಿಸಿದರು, ಸಂಸ್ಥೆ ಕೊಡಲಿಲ್ಲ, ಮೂವತ್ತು ವರ್ಷಗಳ ಮೇಲೆ ರೇಡಿಯೋ ನಿರೂಪಕನೊಬ್ಬ ಕೇಳುಗರಿಂದ ಚಂದಾ ಎತ್ತಿ ಆ ಬಾಕಿಯನ್ನು ತೀರಿಸಿದ. ಎಸ್ಪೆರೆನ್ಸಿನವರಿಗೂ ಹುತ್ರಿದುರ್ಗದವರಿಗೂ ಪರಿಚಯವಿದ್ದಿದ್ದರೆ ಪರಸ್ಪರ ಬಹಳ ಮೆಚ್ಚಿಕೊಳ್ಳುತ್ತಿದ್ದರು.

ಈ ನಗೆಗೆ ಈ ಸೀಮೆಯಲ್ಲಿ ಒಂದು ಪರಂಪರೆಯೇ ಇದೆಯೆಂಬುದನ್ನು ಇಲ್ಲಿ ಹೇಳಬೇಕು. ತುಮಕೂರು ಸೀಮೆಯ ಮೂಡಲಪಾಯ ಯಕ್ಷಗಾನದಲ್ಲಿ ಕಿರೀಟ, ಭುಜಕೀರ್ತಿ, ಎದೆಪದಕಗಳ ಭಾರದೊಡನೆ ಆರ್ಭಟಿಸುತ್ತ ರಂಗಪ್ರವೇಶ ಮಾಡುವ ರಾಜನನ್ನು, ಹರಕು ವೇಷದ ಹಾಸ್ಯಗಾರ ಹನುಮನಾಯಕನು ತಡೆದು ನಿಲ್ಲಿಸಿ, ತಾವು ಯಾರು, ಯಾವೂರು, ಬಂದ ಕಾರಣವೇನೆಂದು ವಿಚಾರಿಸುತ್ತಾನೆ. ರಾಜನು ತನ್ನ ವಂಶ, ಪ್ರತಾಪ, ರಾಜ್ಯ ಎಲ್ಲವನ್ನೂ ಆ ಬಡಪಾಯಿಗೆ ನಿವೇದಿಸಿದ ಹೊರತು ಕಥೆ ಮುಂದೆ ಸಾಗದು. ಪತ್ರಿಕೆಯ ಮೊದಲ ಪುಟದಲ್ಲಿ ಕಿರೀಟ ಧರಿಸಿ ಬರುವ ಯಂತ್ರಕ್ಕೂ ಟೀ ಅಂಗಡಿಯ ಬೆಂಚಿನಲ್ಲಿ ಇಂತಹುದೇ ವಿಚಾರಣೆ. ನಗುವವನು ಹೊಸದರ ವೈರಿಯಾಗಿರಬೇಕೆಂದೂ ಇಲ್ಲ. 1884ರಲ್ಲಿ ಸ್ಥಾಪಿತವಾದ ಗುಬ್ಬಿ ನಾಟಕ ಕಂಪನಿಯನ್ನು ದೇಶವಿಖ್ಯಾತವಾಗಿ ಬೆಳೆಸಿದ ವೀರಣ್ಣನವರು ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು, ಸಿನಿಮಾ ಎಂಬ ಹೊಸ ಯಂತ್ರಕಲೆ ಬಂದಾಗ ಮೂಕಿಚಿತ್ರಗಳ ಕಾಲದಿಂದಲೇ ಅದಕ್ಕೆ ಕೈಹಾಕಿದವರು. ಅಂತಹ ನವೀನತಾಪ್ರಿಯರು ತಮಗಾಗಿ ಇರಿಸಿಕೊಂಡ ಪಾತ್ರ ಯಾವುದೆಂದರೆ ಹಾಸ್ಯಗಾರನದು.

ನಗೆಯ ಪರೀಕ್ಷೆಯಲ್ಲಿ ಪಟ್ಟಣಕ್ಕಿಂತ ಹಳ್ಳಿ ಮೇಲಾದ ಪ್ರಸಂಗವೊಂದನ್ನು ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ. 2016ರ ನವೆಂಬರ್ 8ರ ರಾತ್ರಿ ಹಳೆಯ ಐನೂರು, ಸಾವಿರದ ನೋಟುಗಳು ರದ್ದಾಗಿ, ನಮ್ಮ ಮೈಸೂರಿನ ಮುದ್ರಣಾಲಯದಲ್ಲಿ ಅಚ್ಚಾದ ಎರಡು ಸಾವಿರ ರೂಪಾಯಿಯ ಗುಲಾಬಿ ನೋಟು ಹೊರಬಂದಾಗ, ಅದರೊಳಗೆ ನ್ಯಾನೋ ಚಿಪ್ ಅಡಗಿದೆಯೆಂದೂ, ನೋಟನ್ನು ಭೂಮಿಯ ಕೆಳಗೆ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಅದು ಉಪಗ್ರಹಕ್ಕೆ ತನ್ನ ಜಾಗವನ್ನು ತಿಳಿಸುವುದೆಂದೂ ವಾರ್ತೆ ಹಬ್ಬಿತು. ಮೊಬೈಲುಗಳಲ್ಲಿ ಹರಿದಾಡಿದ್ದಷ್ಟೇ ಅಲ್ಲದೆ ಟೀವಿಯ ಪರದೆಗಳ ಮೇಲೂ ಅದು ಚಿತ್ರಸಹಿತವಾಗಿ ವಿರಾಜಿಸಿತು. ರಿಸರ್ವ್ ಬ್ಯಾಂಕು ಪ್ರಕಟಿಸಿದ ನೋಟಿನ ಲಕ್ಷಣಗಳ ಪಟ್ಟಿಯಲ್ಲಿ ಚಿಪ್ಪಿನ ಹೆಸರೇ ಇರಲಿಲ್ಲ. ಆದರೂ ಪದವೀಧರರು ನೋಟನ್ನು ದೀಪಕ್ಕೆ ಹಿಡಿದು ಚಿಪ್ ಹುಡುಕಿದರು.

ಇದು ಏಕೆ ಅಸಾಧ್ಯವೆಂಬುದನ್ನು ತಿಳಿಯಲು ದೊಡ್ಡ ವಿಜ್ಞಾನವೇನೂ ಬೇಕಾಗಿಲ್ಲ. ದಾರಿ ತೋರುವ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ ಕಾಲಸೂಚಕ ಸಂಕೇತಗಳನ್ನು ಕೆಳಗೆ ಕಳುಹಿಸುತ್ತವೆಯೇ ಹೊರತು ನಮ್ಮಿಂದ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ನಮ್ಮ ಕೈಯ ಮೊಬೈಲು ನಾಲ್ಕಾರು ಉಪಗ್ರಹಗಳ ಸಂಕೇತಗಳನ್ನು ಹಿಡಿದು, ಅವು ಬಂದ ಕಾಲದ ಅಂತರದಿಂದ ತನ್ನ ಸ್ಥಾನವನ್ನು ತಾನೇ ಲೆಕ್ಕಹಾಕಿಕೊಳ್ಳಬೇಕು. ಅದಕ್ಕೆ ವಿದ್ಯುತ್ ಬೇಕು. ಲೆಕ್ಕಹಾಕಿದುದನ್ನು ಮತ್ತೊಬ್ಬರಿಗೆ ತಿಳಿಸಬೇಕಾದರೆ ಬೇರೆ ಪ್ರೇಷಕವೂ ಬೇಕು. ಮನೆಯ ತಾರಸಿಯ ಕೆಳಗೇ ಬಲಗುಂದುವ ಈ ಸಂಕೇತವು ನೂರಿಪ್ಪತ್ತು ಮೀಟರ್ ಕಲ್ಲುಮಣ್ಣನ್ನು ಹಾಯ್ದು ಹೋಗುವುದೆಂಬುದಂತೂ ಪುರಾಣಕಥೆಯೇ ಸರಿ. ಬ್ಯಾಟರಿಯಿಲ್ಲದ ಚಿಪ್ಪುಗಳೂ ಲೋಕದಲ್ಲಿ ಉಂಟು. ಹೆದ್ದಾರಿಯ ಸುಂಕದ ಕಟ್ಟೆಯಲ್ಲಿ ಕಾರಿನ ಗಾಜಿಗೆ ಅಂಟಿಸಿರುವ ಫಾಸ್ಟ್ಯಾಗ್ ಅಂತಹುದು. ಆದರೆ ಅದಕ್ಕೆ ಹತ್ತಿರದಿಂದಲೇ ಓದುವ ಯಂತ್ರವೊಂದು ಶಕ್ತಿಯನ್ನು ಎರಚಿ ಮಾತನಾಡಿಸಿದರಷ್ಟೇ ಅದು ಬಾಯಿ ಬಿಡುತ್ತದೆ.

ತಪ್ಪಲಿನ ಹಳ್ಳಿಯವರು ಇದಾವುದನ್ನೂ ಓದಿದವರಲ್ಲ. ಅವರು ಆ ದಿನಗಳಲ್ಲಿ ಅನುಭವಿಸುತ್ತಿದ್ದ ಕಷ್ಟ ಬೇರೆಯದು: ಕೂಲಿಯ ಬಟವಾಡೆಗೆ ಎರಡು ಸಾವಿರದ ಒಂದು ನೋಟನ್ನು ನಾಲ್ಕು ಮಂದಿಗೆ ಸೇರಿಸಿ ಕೊಟ್ಟುಬಿಡುವರು, ಅದನ್ನು ಮುರಿಸಲು ಊರೆಲ್ಲ ತಿರುಗಿದರೂ ಚಿಲ್ಲರೆ ಸಿಗದು. ಚಿಪ್ಪಿನ ಕಥೆಯನ್ನು ಕೇಳಿದ ಕೂಲಿಯ ಹೆಂಗಸೊಬ್ಬಳು, “ನೋಟು ಎಲ್ಲೈತೆ ಅಂತ ನಮ್ಗೆ ಗೊತ್ತಿಲ್ವಾ? ಚಿಲ್ರೆ ಎಲ್ಲೈತೆ ಅಂತ ತೋರ್ಸೋ ಚಿಪ್ಪು ಆಕಿದ್ರೆ ಆಗ್ತಿರ್ಲಿಲ್ವಾ?” ಎಂದಳು. ಆ ಕಾಲದ ಆರ್ಥಿಕ ವಿಮರ್ಶೆಗಳ ಪೈಕಿ ಇಷ್ಟು ಸಂಕ್ಷಿಪ್ತವೂ ಸಮಗ್ರವೂ ಆದ ಇನ್ನೊಂದನ್ನು ನಾನು ಕಂಡಿಲ್ಲ. 2023ರ ಮೇ 19ರಂದು ರಿಸರ್ವ್ ಬ್ಯಾಂಕು ಆ ನೋಟನ್ನು ಚಲಾವಣೆಯಿಂದ ಹಿಂತೆಗೆದುಕೊಳ್ಳುವುದಾಗಿ ಪ್ರಕಟಿಸಿತು. ಚಿಲ್ಲರೆ ಸಿಗದ ನೋಟಿಗೆ ಹಳ್ಳಿಯಲ್ಲಿ ಯಾರೂ ಕಣ್ಣೀರು ಹಾಕಲಿಲ್ಲ.

ಅದೇ ವರ್ಷದ ಆಗಸ್ಟ್ 23ರ ಸಂಜೆ ಆರು ಗಂಟೆ ದಾಟಿದ ಸ್ವಲ್ಪ ಹೊತ್ತಿನಲ್ಲಿ ಚಂದ್ರಯಾನ–3 ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಇಳಿಯಿತು. ಅದರ ಮಾತನ್ನು ಆಲಿಸುತ್ತಿದ್ದ 32 ಮೀಟರ್ ವ್ಯಾಸದ ದೊಡ್ಡ ಆಂಟೆನಾ ಇರುವ ಬ್ಯಾಲಾಳು ಗ್ರಾಮವು ಹುತ್ರಿದುರ್ಗಕ್ಕೆ ಬಹುದೂರವೇನಲ್ಲ. ಆದಕಾರಣ ಆ ಸಂಜೆಯ ಹರ್ಷದಲ್ಲಿ ನೆರೆಮನೆಯ ಮದುವೆಯ ಕಳೆಯಿತ್ತು. ಪಟಾಕಿ ಹೊಡೆದವರು ಹೊಡೆದರು. ಆದರೆ ಆ ಆಗಸ್ಟಿನಲ್ಲಿ ಮಳೆ ಕೈಕೊಟ್ಟು ರಾಗಿಯ ಪೈರು ಬಾಡುತ್ತಿತ್ತು. ಮುಂದಿನ ತಿಂಗಳು ಸರ್ಕಾರವೇ ರಾಜ್ಯದ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಧ್ರುವಪ್ರದೇಶದ ನೆರಳುಗುಂಡಿಗಳಲ್ಲಿ ನೀರು ಮಂಜುಗಡ್ಡೆಯಾಗಿ ಉಳಿದಿರಬಹುದೆಂಬ ಕಾರಣದಿಂದ ವಿಜ್ಞಾನಿಗಳಿಗೆ ಆ ಭಾಗದಲ್ಲಿ ಆಸಕ್ತಿಯೆಂದು ಯಾರೋ ತಿಳಿಸಿದಾಗ, ಸಾವಿರ ಅಡಿ ಕೊಳವೆಬಾವಿ ಕೊರೆಸಿ ಬರಿಯ ಧೂಳನ್ನು ಕಂಡಿದ್ದ ರೈತರೊಬ್ಬರು, “ಅಲ್ಲಿ ಪಾಯಿಂಟ್ ಮಾಡಿದ ಪುಣ್ಯಾತ್ಮನ ನಂಬರ್ ಕೊಡಿಸಪ್ಪ, ನಮ್ಮ ತ್ವಾಟಕ್ಕೂ ಒಂದ್ಸಲ ಕರ್ಸಾನ” ಎಂದರು. ಇದರಲ್ಲಿ ಕುಹಕವಿರಲಿಲ್ಲ. ಇಸ್ರೋದ ಉಪಗ್ರಹಗಳ ಚಿತ್ರಗಳಿಂದ ಅಂತರ್ಜಲದ ಸಂಭವವಿರುವ ಪ್ರದೇಶಗಳ ನಕ್ಷೆಗಳನ್ನು ನಿಜವಾಗಿಯೂ ತಯಾರಿಸಿದ್ದಾರೆ. ತೆಂಗಿನಕಾಯಿ ಹಿಡಿದು ನೀರು ನೋಡುವವನು ಹೊಲದ ಬದುವಿಗೆ ಬರುವಂತೆ ಆ ನಕ್ಷೆಗಳು ಬರುವುದಿಲ್ಲವೆಂಬುದಷ್ಟೇ ವ್ಯತ್ಯಾಸ.

ಜಿಲ್ಲೆಯ ಇತರ ಯಂತ್ರವಾರ್ತೆಗಳೂ ಇದೇ ಬೆಂಚಿನ ಮುಂದೆ ಹಾದುಹೋದವು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನವರ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದಾಗ, ಸಂಜೆಯ ಬಸ್ಸು ಸರಿಯಾಗಿ ಬಂದರೆ ತಮಗೆ ಅದೇ ವಿಮಾನವೆಂದರು. ಪಾವಗಡದಲ್ಲಿ ಸುಮಾರು 13,000 ಎಕರೆ ಜಮೀನನ್ನು ಗುತ್ತಿಗೆಗೆ ಪಡೆದು 2,050 ಮೆಗಾವಾಟ್ ಸೌರವಿದ್ಯುತ್ ಉತ್ಪಾದಿಸುತ್ತಾರೆಂಬುದಕ್ಕೆ, ಇಷ್ಟು ದಿನ ಬಿಸಿಲಿನಲ್ಲಿ ಬೆಂದುದಕ್ಕೆ ತಮಗೂ ಹಿಂಬಾಕಿ ಬರಬೇಕೆಂದು ವಾದಿಸಿದರು. ಇವು ಸಾಮಾನ್ಯ ದರ್ಜೆಯ ನಗೆಗಳು, ಇಲ್ಲಿಗೆ ಬಿಡುತ್ತೇನೆ.

ಹಾಗೆಂದು ಈ ನಗೆಯನ್ನು ಸರ್ವರೋಗನಿವಾರಕವೆಂದು ಹೊಗಳಲಾರೆ. ಅದು ಸೋಲುವ ಸ್ಥಳವೂ ಒಂದುಂಟು. ಹಗಲೆಲ್ಲ ಬೆಂಚಿನ ಮೇಲೆ ಕುಳಿತು ಲೋಕದ ಯಂತ್ರಗಳನ್ನೆಲ್ಲ ವಿಚಾರಣೆಗೆ ಗುರಿಪಡಿಸಿದ ಮನುಷ್ಯನೇ, ರಾತ್ರಿ ಒಬ್ಬನೇ ಇದ್ದಾಗ ಬಂದ ಕರೆಗೆ ಬೆದರಿ, ಕೇಳಿದ ಓಟಿಪಿಯನ್ನು ಒಪ್ಪಿಸಿ, ಬೆಳಗಾಗುವುದರಲ್ಲಿ ಖಾತೆ ಬರಿದಾದ ಉದಾಹರಣೆಗಳಿವೆ. ಪೊಲೀಸರ ವೇಷ ಧರಿಸಿ ವಿಡಿಯೋ ಕರೆಯಲ್ಲಿ ಕಾಣಿಸಿಕೊಂಡು “ಡಿಜಿಟಲ್ ಅರೆಸ್ಟ್” ಮಾಡಿರುವುದಾಗಿ ಹೆದರಿಸುವ ವಂಚನೆಯಂತೂ, ವಿಜಯಪುರದವರೊಬ್ಬರಿಗೆ ಬಂದ ಅಂತಹ ಕರೆಯನ್ನು 2024ರ ಅಕ್ಟೋಬರಿನ ಬಾನುಲಿ ಭಾಷಣದಲ್ಲಿ ಪ್ರಧಾನಿಯವರೇ ದೇಶಕ್ಕೆ ಕೇಳಿಸಬೇಕಾದಷ್ಟು ಬೆಳೆದುಬಿಟ್ಟಿತು. ನಮ್ಮ ಕಾನೂನಿನಲ್ಲಿ ಅಂತಹ ಬಂಧನವೇ ಇಲ್ಲ. ನಗೆಯ ವಿಚಾರಣೆಗೆ ಸಭೆ ಬೇಕು. ಒಬ್ಬನು ಕೇಳಿದ ಪ್ರಶ್ನೆಗೆ ಇನ್ನೊಬ್ಬನು ಕೊಕ್ಕೆ ಸೇರಿಸಬೇಕು. ಇದನ್ನು ಚೆನ್ನಾಗಿ ಅರಿತಿರುವುದರಿಂದಲೇ ವಂಚಕನು ಮೊದಲು ವಿಧಿಸುವ ನಿಬಂಧನೆಯೆಂದರೆ, ಈ ವಿಷಯವನ್ನು ಮನೆಯವರಿಗೂ ಹೇಳಬಾರದೆಂಬುದು. ಹನುಮನಾಯಕನಿಲ್ಲದ ರಂಗಕ್ಕೆ ಯಾವ ಕಳ್ಳನಾದರೂ ಕಿರೀಟ ಧರಿಸಿ ಬರಬಹುದು.

ಇನ್ನು ಕೊನೆಯದಾಗಿ, ಈ ಸೀಮೆಯವರ ಮೈಗೇ ಹತ್ತಿದ ಯಂತ್ರದ ವಿಷಯ. ಆಧಾರ್ ಯೋಜನೆಯನ್ನು ದೇಶಕ್ಕೆಲ್ಲ ವಿಸ್ತರಿಸುವುದಕ್ಕೆ ಮುನ್ನ, ದುಡಿಯುವ ಗ್ರಾಮೀಣ ಜನರ ಬೆರಳಿನ ಗುರುತುಗಳು ಯಂತ್ರಕ್ಕೆ ಒದಗುವುವೋ ಇಲ್ಲವೋ ಎಂದು ತಿಳಿಯಲು 2010ರಲ್ಲಿ ಕೆಲವು ರಾಜ್ಯಗಳಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆಸಿದರು. ಕರ್ನಾಟಕದಲ್ಲಿ ಅದಕ್ಕಾಗಿ ಆರಿಸಿದ ಜಿಲ್ಲೆಗಳು ತುಮಕೂರು ಮತ್ತು ಮೈಸೂರು. ಹತ್ತು ಬೆರಳುಗಳ ಜೊತೆಗೆ ಕಣ್ಣಿನ ಪಾಪೆಗಳನ್ನೂ ದಾಖಲಿಸುವ ಪದ್ಧತಿ ನೆಲೆಗೊಂಡಿತು. ಆದರೆ ನ್ಯಾಯಬೆಲೆ ಅಂಗಡಿಯ ಮೇಜಿನ ಮೇಲೆ ಬಂದು ಕುಳಿತುದು ಬಹುಮಟ್ಟಿಗೆ ಬೆರಳನ್ನು ಓದುವ ಯಂತ್ರವೇ.

ತಿಂಗಳ ಒಂದು ಬೆಳಗ್ಗೆ ಅಂತಹ ಅಂಗಡಿಯ ಮುಂದೆ ನಿಂತು ನೋಡಬೇಕು. ವೃದ್ಧೆಯೊಬ್ಬಳು ಹೆಬ್ಬೆಟ್ಟನ್ನು ಗಾಜಿನ ಮೇಲೆ ಒತ್ತುತ್ತಾಳೆ. ಯಂತ್ರ ಒಲ್ಲೆನೆಂದು ಕೆಂಪು ಬೆಳಕು ತೋರುತ್ತದೆ. ಸೆರಗಿನಿಂದ ಒರೆಸಿಕೊಂಡು ಮತ್ತೆ ಒತ್ತುತ್ತಾಳೆ. ಒಣಗಿದ ಬೆರಳೆಂದು ಹಿಂದಿನವಳು ಹೇಳಿಕೊಟ್ಟಂತೆ, ಎಣ್ಣೆ ಹಚ್ಚಿದ ತಲೆಗೂದಲಿಗೆ ಅದನ್ನು ಸವರಿ, ತೋರುಬೆರಳು, ನಡುಬೆರಳು, ಎಡಗೈಯ ಹೆಬ್ಬೆಟ್ಟು ಎಂದು ಸರದಿಯಾಗಿ ನಿವೇದಿಸುತ್ತಾಳೆ. ಕಾರಣ ಸರಳವಾದುದು. ಗುರುತೆಂದು ಯಂತ್ರ ಹುಡುಕುವುದು ಚರ್ಮದ ಏಣುಗಳು ಎಲ್ಲಿ ಕವಲೊಡೆಯುತ್ತವೆ, ಎಲ್ಲಿ ಕೊನೆಗೊಳ್ಳುತ್ತವೆ ಎಂಬುದನ್ನು. ಕಳೆ ಕೀಳುತ್ತ, ರಾಗಿ ಕೊಯ್ಯುತ್ತ, ತೆಂಗಿನ ಮಟ್ಟೆ ಸುಲಿಯುತ್ತ, ಕಲ್ಲು ಒಡೆಯುತ್ತ ಕಳೆದ ಬೆರಳಿನಲ್ಲಿ ಆ ಏಣುಗಳು ಸವೆದು ಹೋಗಿರುತ್ತವೆ. ವಯಸ್ಸಾದಂತೆ ಚರ್ಮ ಬಿಗಿ ತಪ್ಪಿ ಉಳಿದ ಗೆರೆಗಳೂ ಮಸುಕಾಗುತ್ತವೆ. ಸರದಿಯಲ್ಲಿ ಮುಂದೆ ನಿಂತಿದ್ದ ಜರಿಪಂಚೆಯವರೊಬ್ಬರ ಬೆರಳನ್ನು ಯಂತ್ರವು ಮುಟ್ಟಿದೊಡನೆ ಒಪ್ಪಿಕೊಂಡುದನ್ನು ಕಂಡಿದ್ದ ಆ ಮುದುಕಿ, “ಬಿಡವ್ವ, ಗೇಯ್ದೋರ್ನ ಇದು ಗುರ್ತು ಇಡಿಯಾಕಿಲ್ಲ” ಎಂದಳು. ಸಾಲಿನಲ್ಲಿದ್ದವರು ನಕ್ಕರು, ಅವಳು ಖಾಲಿ ಚೀಲವನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಹೊರಟಳು.

ಈ ಒಂದು ನಗೆಯನ್ನು ಮಾತ್ರ ನಗೆಯಾಗಿ ಉಳಿಯಲು ಬಿಡಬಾರದೆಂಬುದು ನನ್ನ ಅಭಿಪ್ರಾಯ. ಆಧಾರ್ ಇಲ್ಲವೆಂಬ ಕಾರಣದಿಂದಾಗಲಿ, ಬೆರಳು ಒತ್ತಲಿಲ್ಲವೆಂಬ ಕಾರಣದಿಂದಾಗಲಿ ಅರ್ಹರಾದ ಯಾರಿಗೂ ಪಡಿತರವನ್ನು ನಿರಾಕರಿಸಕೂಡದೆಂದು ಕೇಂದ್ರ ಸರ್ಕಾರದ ಆಹಾರ ಇಲಾಖೆಯು 2017ರ ಅಕ್ಟೋಬರ್ 24ರಂದೇ ರಾಜ್ಯಗಳಿಗೆ ಸೂಚನೆ ಕಳುಹಿಸಿದೆ. ಓದಬಲ್ಲ ಮಕ್ಕಳು ಮನೆಯಲ್ಲಿದ್ದರೆ ಮುಂದಿನ ತಿಂಗಳು ಅಜ್ಜಿಯ ಜೊತೆಗೆ ರೇಷನ್ ಅಂಗಡಿಗೆ ಹೋಗಿರಿ. ಬೆರಳು ಒತ್ತದಿದ್ದರೆ ಬೇರೆ ದಾರಿ ಯಾವುದೆಂದು ಕೇಳಿರಿ. ಅಂಗಡಿಯವರು ಇಲ್ಲವೆಂದರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಲಿಖಿತ ದೂರು ಕೊಡಿರಿ.